ವಸಂತದ ಸಸಿಗಳು ಸೊರಗಿದಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಚಳಿ ಹಿಂದೆ ಸರಿದು ಹಗಲು ಉದ್ದವಾಗತೊಡಗಿದರೆ ಕೈತೋಟ ಮಾಡುವವರ ಮಾತೆಲ್ಲ ಎರಡು ವಿಷಯಗಳ ಸುತ್ತ ತಿರುಗುತ್ತದೆ. ಯಾರ ಟ್ರೇಯಲ್ಲಿ ಎಷ್ಟು ಮೊಳಕೆ ಬಂತು, ಯಾರ ಸಸಿ ರಾತ್ರೋರಾತ್ರಿ ನೆಲಕ್ಕೆ ಒರಗಿತು. ಎರಡನೆಯ ಸುದ್ದಿ ಬಂದಾಗ ಹೆಚ್ಚಿನವರು ಕೇಳುವ ಪ್ರಶ್ನೆ: ‘ಯಾವ ಔಷಧಿ ಹೊಡೆಯಲಿ?’ ಆ ಪ್ರಶ್ನೆಯನ್ನು ಸ್ವಲ್ಪ ಮುಂದೂಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಕಂಡಂತೆ ವಸಂತದ ಸಸಿಗಳು ಕೆಡುವುದು ಬಹುಪಾಲು ನೀರು, ಶಾಖ, ಬೆಳಕು ಈ ಮೂರರಲ್ಲಿ ಯಾವುದೋ ಒಂದು ಹದ ತಪ್ಪಿದಾಗ. ರೋಗ ಮತ್ತು ಕೀಟಗಳ ಸರದಿ ಆಮೇಲೆ.

ಯಾವ ಲಕ್ಷಣವೇ ಕಾಣಲಿ, ಮೊದಲು ಖರ್ಚಿಲ್ಲದ ಮೂರು ಪರೀಕ್ಷೆಗಳನ್ನು ಮಾಡಿ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ಮೇಲ್ಪದರ ಒಣಗಿದ್ದರೂ ಒಳಗೆ ಕೆಸರಾಗಿರಬಹುದು, ಮೇಲೆ ಒದ್ದೆಯಿದ್ದರೂ ಬೇರಿನ ಮಟ್ಟದಲ್ಲಿ ಧೂಳಾಗಿರಬಹುದು. ಕುಂಡವನ್ನು ಎತ್ತಿ ಭಾರ ನೋಡಿ. ಈಗಷ್ಟೇ ನೀರುಂಡ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸವನ್ನು ಕೈ ಒಂದೇ ವಾರದಲ್ಲಿ ಕಲಿತುಬಿಡುತ್ತದೆ. ಮೂರನೆಯದಾಗಿ, ಕೆಟ್ಟ ಸಸಿಗಳಲ್ಲಿ ಒಂದನ್ನು ಮಣ್ಣಿನ ಸಮೇತ ಹೊರತೆಗೆದು ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿ, ಮಣ್ಣಿನ ವಾಸನೆಯಿದ್ದರೆ ಬೇರು ಚೆನ್ನಾಗಿದೆ. ಕಂದಾಗಿ ಮೆತ್ತಗಾಗಿದ್ದು, ಎರಡು ಬೆರಳ ನಡುವೆ ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಅದು ಕೊಳೆತ ಬೇರು. ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಯ ಬೇರಿಗೆ ಸ್ವಲ್ಪ ಕಂದು ಬಣ್ಣ ಹತ್ತಿರುತ್ತದೆ. ಆದ್ದರಿಂದ ಬಣ್ಣಕ್ಕಿಂತ ಗಟ್ಟಿತನವನ್ನು ನಂಬಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕೈದು ದಿನ ಕಾಯಿರಿ. ನೀರು, ಗೊಬ್ಬರ, ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಸತ್ತರೂ ತಿಳಿಯುವುದಿಲ್ಲ.

ಬಿತ್ತಿ ದಿನಗಳಾದರೂ ಮೊಳಕೆ ಕಾಣುತ್ತಿಲ್ಲ

ಮೊದಲು ದಿನ ಎಣಿಸಿ. ಮೂಲಂಗಿ ಮೂರರಿಂದ ಐದು ದಿನಕ್ಕೆ ತಲೆ ಎತ್ತುತ್ತದೆ, ಟೊಮೇಟೊ ಬೆಚ್ಚಗಿದ್ದರೆ ಒಂದು ವಾರದ ಆಸುಪಾಸಿನಲ್ಲಿ. ಮೆಣಸಿನ ಬೀಜಕ್ಕೆ ಎರಡರಿಂದ ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಹತ್ತನೆಯ ದಿನಕ್ಕೇ ಮೆಣಸಿನ ಟ್ರೇಯನ್ನು ಸುರಿದುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದಿನ ಮೀರಿದ್ದರೆ ಶಾಖದ ಕಡೆ ನೋಡಿ. ಕೋಣೆಯ ಉಷ್ಣತೆಗಿಂತ ಮಣ್ಣಿನ ಉಷ್ಣತೆ ಮುಖ್ಯ. ಒದ್ದೆ ಮಣ್ಣಿನಿಂದ ನೀರು ಆವಿಯಾಗುತ್ತಿರುವುದರಿಂದ ಟ್ರೇ ಸಾಮಾನ್ಯವಾಗಿ ಕೋಣೆಗಿಂತ ತಣ್ಣಗಿರುತ್ತದೆ, ಕಿಟಕಿಯ ಕಟ್ಟೆಯ ಮೇಲೆ ರಾತ್ರಿ ಇನ್ನೂ ತಣ್ಣಗಾಗುತ್ತದೆ. ಟೊಮೇಟೊ ಬೀಜ 25 ಡಿಗ್ರಿ ಸೆಲ್ಸಿಯಸ್ ಮಣ್ಣಿನಲ್ಲಿ ಆರೇಳು ದಿನಕ್ಕೆ ಮೊಳೆತರೆ, 10 ಡಿಗ್ರಿಯಲ್ಲಿ ಸುಮಾರು ಆರು ವಾರ ತೆಗೆದುಕೊಳ್ಳುತ್ತದೆ. ಅಷ್ಟು ದಿನ ಒದ್ದೆಯಲ್ಲಿ ಬಿದ್ದ ಬೀಜ ಕೊಳೆಯದೆ ಉಳಿಯುವುದೇ ಕಷ್ಟ. ಲೆಟ್ಯೂಸ್‌ನದು ಇದಕ್ಕೆ ತಿರುಗುಮುರುಗು: ಮಣ್ಣು 30 ಡಿಗ್ರಿ ದಾಟಿದರೆ ಅದರ ಬೀಜ ನಿದ್ದೆಗೆ ಜಾರುತ್ತದೆ, ತಂಪಿಗೆ ಒಯ್ದರೆ ಏಳುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಒಂದು ಟ್ರೇ ಮೆಣಸು ಹದಿನೈದು ದಿನವಾದರೂ ಕದಲಲಿಲ್ಲ. ಪೆನ್ಸಿಲ್ ಮೊನೆಯಿಂದ ಮೂಲೆಯ ಒಂದು ಗುಳಿಯನ್ನು ನಿಧಾನವಾಗಿ ಕೆದಕಿದೆ. ಬೀಜ ಸಿಕ್ಕಿತು, ಉಬ್ಬಿತ್ತು, ಉಗುರಿನಿಂದ ಒತ್ತಿದರೆ ಗಟ್ಟಿಯಾಗಿತ್ತು, ವಾಸನೆಯಿರಲಿಲ್ಲ. ಅಂದರೆ ಜೀವ ಇದೆ, ಶಾಖಕ್ಕೆ ಕಾದು ಕುಳಿತಿದೆ ಅಷ್ಟೆ. ಟ್ರೇಯನ್ನು ಕಿಟಕಿಯಿಂದ ತೆಗೆದು ಫ್ರಿಜ್‌ನ ನೆತ್ತಿಯ ಮೇಲೆ ಇಟ್ಟೆ. ಆರನೆಯ ಬೆಳಿಗ್ಗೆ ಮಣ್ಣಿನಲ್ಲಿ ಸಣ್ಣ ಬಿರುಕು, ಬಿರುಕಿನೊಳಗೆ ಬಿಳಿ ಕೊಕ್ಕೆಯಂತೆ ಬಾಗಿದ ಕಾಂಡ. ಆ ದಿನದಿಂದ ಕೆದಕಿ ನೋಡದೆ ಯಾವ ಟ್ರೇಯನ್ನೂ ಚೆಲ್ಲಿಲ್ಲ.

ನೀವೂ ಒಂದೆರಡು ಬೀಜ ಕೆದಕಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಶಾಖ ಕೊಟ್ಟು ಕಾಯಿರಿ. ಒತ್ತಿದರೆ ಕೀವಿನಂತೆ ಜಾರಿದರೆ ಕೊಳೆತಿದೆ. ನೀರು ಕಡಿಮೆ ಮಾಡಿ ಹೊಸದಾಗಿ ಬಿತ್ತಿ. ಒಣಗಿ ಹಾಗೆಯೇ ಇದ್ದರೆ ಮೇಲ್ಪದರ ನಡುನಡುವೆ ಒಣಗಿದೆ. ಬೀಜವೇ ಇಲ್ಲದಿದ್ದರೆ ಇರುವೆ, ಇಲಿ ಅಥವಾ ಹಕ್ಕಿಯ ಕೆಲಸ. ಆಳವೂ ಕಾರಣವಾಗಬಹುದು: ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಸಾಕು. ಲೆಟ್ಯೂಸ್‌ನಂಥ ಸಣ್ಣ ಬೀಜಕ್ಕೆ ಬೆಳಕು ಬೇಕು, ಅದನ್ನು ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು. ಬೆಂಡೆಯ ಬೀಜ ಗಟ್ಟಿ ಸಿಪ್ಪೆಯದು, ಒಂದು ರಾತ್ರಿ ನೆನೆಸಿ ಬಿತ್ತಿ.

ಬೀಜ ಹಳೆಯದೆಂಬ ಅನುಮಾನವಿದ್ದರೆ ಹತ್ತು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿ ಇಡಿ. ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೈದು ಮೊಳೆತರೆ ಎರಡರಷ್ಟು ಬಿತ್ತಿ. ಒಂದೆರಡೇ ಆದರೆ ಹೊಸ ಬೀಜ ತನ್ನಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಜೀವ ಕಳೆದುಕೊಳ್ಳುತ್ತದೆ. ಟೊಮೇಟೊ, ಸೌತೆ ಒಣಗಿದ ತಂಪಾದ ಕಡೆ ಇಟ್ಟರೆ ನಾಲ್ಕೈದು ವರ್ಷ ಬರುತ್ತವೆ.

ಟ್ರೇ ಕೆಳಗೆ ಬಿಸಿ ಮಾಡುವ ವಿದ್ಯುತ್ ಹಾಸು ಬಳಸುವವರಿಗೆ ಒಂದು ಮಾತು. ನೀರು ಮತ್ತು ವಿದ್ಯುತ್ ಒಂದೇ ಕಡೆ ಇರುತ್ತವೆ. ತಂತಿಯನ್ನು ಪ್ಲಗ್‌ಗಿಂತ ಕೆಳಕ್ಕೆ ಜೋಲುವಂತೆ ಬಿಡಿ, ಇಳಿದ ನೀರು ಪ್ಲಗ್ ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ. ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ ಇಲ್ಲದ ಕಡೆ ಬಳಸಲೇಬೇಡಿ, ಹಾಸಿನ ಹೊದಿಕೆ ಸೀಳಿದ್ದರೂ ಬೇಡ. ಶಾಖ ಹೆಚ್ಚಾಯಿತೆಂದು ತೋರಿದರೆ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ಅಳೆಯಿರಿ.

ಮೊಳೆತ ಸಸಿ ಬುಡದಲ್ಲಿ ಸಣ್ಣಗಾಗಿ ಉರುಳುತ್ತಿದೆ

ರಾತ್ರಿ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಅಡ್ಡ ಬಿದ್ದಿದೆ. ಎಲೆ ಇನ್ನೂ ಹಸಿರಾಗಿದೆ, ಆದರೆ ಮಣ್ಣಿನ ಮಟ್ಟದಲ್ಲಿ ಕಾಂಡ ಯಾರೋ ಚಿವುಟಿದಂತೆ ದಾರದಷ್ಟು ಸಣ್ಣಗಾಗಿ ನೀರು ಕುಡಿದಂತೆ ಕಾಣುತ್ತದೆ. ಮರುದಿನ ಪಕ್ಕದ ನಾಲ್ಕು, ಅದರ ಮರುದಿನ ಒಂದು ವೃತ್ತ ಖಾಲಿ. ಇದು ಸಸಿ ಸಾಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾ ಮುಂತಾದ ಸೂಕ್ಷ್ಮಜೀವಿಗಳು ತಣ್ಣಗಿನ, ಸದಾ ಒದ್ದೆಯಾದ, ಗಾಳಿಯಾಡದ ಮಣ್ಣಿನಲ್ಲಿ ಎಳೆಯ ಕಾಂಡವನ್ನು ಹಿಡಿಯುತ್ತವೆ.

ಬಿದ್ದ ಸಸಿಯನ್ನು ಎಬ್ಬಿಸಲು ಆಗುವುದಿಲ್ಲ. ಈ ಮಾತನ್ನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಆ ಆಸೆಯಲ್ಲಿ ಕಾಲ ಕಳೆದರೆ ಉಳಿದವೂ ಹೋಗುತ್ತವೆ. ಬಿದ್ದವನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಿಂದ ಎತ್ತಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಟ್ರೇ ಮುಚ್ಚಿದ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಸಣ್ಣ ಫ್ಯಾನನ್ನು ಎಲೆ ಸ್ವಲ್ಪವೇ ಅಲುಗಾಡುವಷ್ಟು ಮೆಲ್ಲಗೆ ಓಡಿಸಿ. ನೀರನ್ನು ಮೇಲಿನಿಂದ ಹಾಕುವ ಬದಲು ಟ್ರೇಯನ್ನು ಹದಿನೈದು ಇಪ್ಪತ್ತು ನಿಮಿಷ ತಟ್ಟೆಯ ನೀರಿನಲ್ಲಿ ಇಟ್ಟು ತೆಗೆಯಿರಿ. ಮಣ್ಣಿನ ನೆತ್ತಿ ಒಣಗಿರಲಿ. ಒತ್ತಾಗಿ ಬೆಳೆದಿದ್ದರೆ ಹೆಚ್ಚುವರಿ ಸಸಿಗಳನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಬೇರು ಹರಿಯುತ್ತದೆ.

ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಮರುಬಿತ್ತನೆಯೇ ಅಗ್ಗ. ಹಳೆಯ ಮಣ್ಣು ಬೇಡ. ಟ್ರೇಗಳನ್ನು ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ ಮತ್ತೆ ತೊಳೆಯಿರಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬ್ಲೀಚ್‌ಗೆ ವಿನೆಗರ್, ಅಮೋನಿಯಾ, ಶೌಚಾಲಯ ತೊಳೆಯುವ ಆಮ್ಲ ಯಾವುದನ್ನೂ ಬೆರೆಸಬೇಡಿ, ಅದರಿಂದ ಏಳುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಸಸಿ ನೀಳವಾಗಿ ಬೆಳೆದು ಕಿಟಕಿಯತ್ತ ಬಾಗಿದೆ

ಇದಕ್ಕೆ ಬೆಳಕಿನ ಕೊರತೆಯೇ ಕಾರಣ, ಬೇರೆ ಹುಡುಕಬೇಡಿ. ದಿನಕ್ಕೆ 14ರಿಂದ 16 ಗಂಟೆ ದೀಪ ಹಚ್ಚಿ, ಉಳಿದ ಹೊತ್ತು ಕತ್ತಲು ಬಿಡಿ. ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಯ ಮೇಲೆ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ತೂಗುಹಾಕಿದರೆ ನಡೆಯುತ್ತದೆ. ನೀಳವಾದ ಟೊಮೇಟೊ ಸಸಿಯನ್ನು ನಾಟಿ ಮಾಡುವಾಗ ಮೇಲಿನ ಎಲೆಗಳು ಮಾತ್ರ ಕಾಣುವಷ್ಟು ಆಳಕ್ಕೆ ಹೂಳಿ, ಹೂತ ಕಾಂಡದಲ್ಲೆಲ್ಲ ಬೇರು ಬರುತ್ತದೆ. ಸೌತೆ, ಕುಂಬಳಕ್ಕೆ ಇದನ್ನು ಮಾಡಬೇಡಿ, ಕಾಂಡ ಕೊಳೆಯುತ್ತದೆ.

ಎಲೆಯ ಬಣ್ಣ ಬದಲಾಗಿದೆ

ಹಳದಿ ಕಂಡ ಕೂಡಲೇ ಗೊಬ್ಬರದ ಡಬ್ಬಿಗೆ ಕೈ ಹಾಕುವುದು ಎಲ್ಲರ ಸ್ವಭಾವ. ಮೊದಲು ಮಣ್ಣು ಮುಟ್ಟಿ. ಒದ್ದೆಯಾಗಿದ್ದು ಬೇರು ಕಂದಾಗಿದ್ದರೆ ಗಿಡಕ್ಕೆ ಬೇಕಾದದ್ದು ಗಾಳಿ. ಆ ಸ್ಥಿತಿಯಲ್ಲಿ ಹಾಕಿದ ಗೊಬ್ಬರ ಉಳಿದ ಬೇರನ್ನೂ ಸುಡುತ್ತದೆ. ಮಣ್ಣಿನ ಹದ ಸರಿಯಿದ್ದರೆ ಮಾತ್ರ ಹಳದಿ ಎಲ್ಲಿಂದ ಶುರುವಾಯಿತು ಎಂದು ನೋಡಿ. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ: ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ. ಅದೇ ಚಿತ್ರ ತುದಿಯ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣ. ಕಬ್ಬಿಣ ಗಿಡದೊಳಗೆ ಸುಲಭವಾಗಿ ಜಾಗ ಬದಲಿಸುವುದಿಲ್ಲ. ಹೆಚ್ಚಾಗಿ ಕಬ್ಬಿಣ ಮಣ್ಣಿನಲ್ಲಿ ಇದ್ದೇ ಇರುತ್ತದೆ, ಮಣ್ಣು ಕ್ಷಾರವಾದ್ದರಿಂದ ಬೇರಿಗೆ ಸಿಗುವುದಿಲ್ಲ. ಹಾಗಾಗಿ ಕಬ್ಬಿಣ ಸುರಿಯುವ ಮೊದಲು ಮಣ್ಣಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ನೋಡಿ. ಮೊಳೆತಾಗ ಬಂದ ಮೊದಲ ಎರಡು ಬೀಜದಳಗಳು ಹಳದಿಯಾಗಿ ಉದುರಿದರೆ ಚಿಂತಿಸಬೇಡಿ, ಅವುಗಳ ಕೆಲಸ ಮುಗಿದಿದೆ.

ಟೊಮೇಟೊ ಎಲೆಯ ಅಡಿ ನೇರಳೆಯಾದರೆ ರಂಜಕದ ಕೊರತೆ ಎಂದು ಎಲ್ಲೆಡೆ ಬರೆದಿರುತ್ತದೆ. ವಸಂತದಲ್ಲಿ ಅದಕ್ಕೆ ಬಹುಮಟ್ಟಿಗೆ ತಣ್ಣನೆಯ ಮಣ್ಣೇ ಕಾರಣ. ಚಳಿಗೆ ಬೇರು ರಂಜಕವನ್ನು ಎತ್ತಲಾರದು. ಬೆಚ್ಚಗಿನ ಹತ್ತು ದಿನ ಸಿಕ್ಕಿದ ಮೇಲೆ ಹೊಸ ಎಲೆ ಹಸಿರಾಗಿ ಬಂದರೆ ಏನೂ ಮಾಡಬೇಕಿಲ್ಲ.

ಹೊರಗಿಟ್ಟ ಒಂದೆರಡು ದಿನಕ್ಕೆ ಎಲೆಯ ಮೇಲೆ ಕಾಗದದಂಥ ಬಿಳಿ ತೇಪೆಗಳು ಎದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಸಸಿಯನ್ನು ಏಳರಿಂದ ಹತ್ತು ದಿನ ಪಳಗಿಸಬೇಕಿತ್ತು: ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಆಮೇಲೆ ಎಳೆಬಿಸಿಲು, ಕೊನೆಗೆ ಇಡೀ ಹಗಲು. ಸುಟ್ಟ ಎಲೆ ಸರಿಹೋಗದು, ಆದರೆ ಸುಳಿ ಹಸಿರಾಗಿದ್ದರೆ ಗಿಡ ಉಳಿಯುತ್ತದೆ. ನೆರಳಿಗೆ ಒಯ್ದು ಮೊದಲಿನಿಂದ ಶುರುಮಾಡಿ.

ಗಿಡ ಬಾಡಿ ಜೋತುಬಿದ್ದಿದೆ

ಸಂಜೆ ಮತ್ತೆ ನೋಡಿ. ಕುಂಬಳ, ಸೌತೆ ಜಾತಿಯವು ಮಧ್ಯಾಹ್ನದ ಬಿಸಿಲಿಗೆ ಎಲೆ ಜೋಲಿಸಿ ಸೂರ್ಯ ಇಳಿದ ಮೇಲೆ ನಿಗುರಿ ನಿಂತರೆ ಅದು ಸಹಜ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಣ್ಣು ಮುಟ್ಟಿ. ಒಣಗಿದ್ದರೆ ನಿಧಾನವಾಗಿ ಎರಡು ಮೂರು ಸಲ ನೀರುಣಿಸಿ. ಪೂರ್ತಿ ಒಣಗಿದ ನಾರಿನ ಪುಡಿ ನೀರನ್ನು ಬದಿಯಿಂದ ಜಾರಿಸಿಬಿಡುತ್ತದೆ, ಕುಂಡವನ್ನೇ ಬಕೆಟ್‌ನಲ್ಲಿ ಅದ್ದಬೇಕಾಗುತ್ತದೆ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆತಿದೆ ಎಂದೇ ಮೊದಲು ಶಂಕಿಸಿ. ಇನ್ನಷ್ಟು ನೀರು ಹಾಕಿದರೆ ಸಾವು ಬೇಗ ಬರುತ್ತದೆ. ನಾಟಿ ಮಾಡಿ ಎರಡು ಮೂರು ದಿನವಷ್ಟೇ ಆಗಿದ್ದರೆ ನೆರಳು ಕೊಟ್ಟು ಕಾಯಿರಿ.

ಮಣ್ಣಿನ ಹದ ಸರಿಯಿದೆ, ಬೇರೂ ಕೊಳೆತಂತಿಲ್ಲ, ಆದರೂ ಟೊಮೇಟೊ ಅಥವಾ ಬದನೆ ಗಿಡ ಹಸಿರಾಗಿದ್ದಂತೆಯೇ ಬಾಡಿ ನಿಂತಿದೆ ಎಂದಾದರೆ ಗಾಜಿನ ಲೋಟದ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡವನ್ನು ಓರೆಯಾಗಿ ಕತ್ತರಿಸಿ, ಒಂದು ಬೆರಳುದ್ದದ ತುಂಡನ್ನು ತಿಳಿನೀರಿನ ಲೋಟದಲ್ಲಿ ತುದಿ ಮುಳುಗುವಂತೆ ದಾರದಿಂದ ತೂಗುಬಿಡಿ. ಅಲುಗಾಡಿಸಬೇಡಿ, ಬೆಳಕಿಗೆ ಹಿಡಿದು ನೋಡುತ್ತಿರಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂಥದ್ದು ನೇರ ಕೆಳಕ್ಕೆ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ನೀರು ತಿಳಿಯಾಗಿಯೇ ಉಳಿದು, ಕಾಂಡದೊಳಗೆ ಕಂದು ಗೆರೆಗಳಿದ್ದರೆ ಶಿಲೀಂಧ್ರದ ಸೊರಗು ಇರಬಹುದು. ಎರಡಕ್ಕೂ ಮನೆಮದ್ದು ಇಲ್ಲ. ಬೇರು ಸಮೇತ ಕಿತ್ತು ತೋಟದಿಂದ ಹೊರಹಾಕಿ, ಕತ್ತರಿ ಮತ್ತು ಕೈ ತೊಳೆಯಿರಿ, ಆ ಪಾತಿಯಿಂದ ಬೇರೆ ಪಾತಿಗೆ ನೀರು ಹರಿಯಲು ಬಿಡಬೇಡಿ. ಕೆಲವು ವರ್ಷ ಅಲ್ಲಿ ಟೊಮೇಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ.

ಬೆಳಗಾಗುವುದರೊಳಗೆ ಕಡಿದಿದೆ, ತೂತಾಗಿದೆ

ಕಾಂಡ ಬುಡದಲ್ಲಿ ಕತ್ತರಿಸಿದಂತಾಗಿ ಮೇಲಿನ ಭಾಗ ಪಕ್ಕದಲ್ಲೇ ಬಿದ್ದಿದ್ದರೆ ಸಸಿ ಕತ್ತರಿಸುವ ಹುಳು. ಬುಡದ ಸುತ್ತ ಎರಡು ಬೆರಳು ಆಳ ಕೆದಕಿದರೆ ಬೂದುಬಣ್ಣದ ದಪ್ಪ ಹುಳು ಚಕ್ಕುಲಿಯಂತೆ ಸುರುಳಿಯಾಗಿ ಸಿಗುತ್ತದೆ. ಉಳಿದ ಸಸಿಗಳಿಗೆ ರಟ್ಟಿನ ಬಳೆ ತೊಡಿಸಿ, ಮೂರು ಸೆಂಟಿಮೀಟರ್ ಮಣ್ಣಿನೊಳಗೆ, ಐದು ಮೇಲೆ. ಇಷ್ಟು ಸರಳ ಉಪಾಯ ಇಷ್ಟು ಚೆನ್ನಾಗಿ ನಡೆಯುವುದು ತೋಟದಲ್ಲಿ ಅಪರೂಪ.

ಎಲೆಯಲ್ಲಿ ಅಂಕುಡೊಂಕಾದ ದೊಡ್ಡ ತೂತು, ಹೊಳೆಯುವ ಲೋಳೆಯ ಜಾಡು ಇದ್ದರೆ ಬಸವನಹುಳು ಅಥವಾ ಚಿಪ್ಪಿಲ್ಲದ ಅದರ ಬಂಧು. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ, ಸಂಜೆಯ ಬದಲು ಬೆಳಿಗ್ಗೆ ನೀರು ಹಾಕಿ. ಉಪ್ಪು ಸುರಿಯಬೇಡಿ, ಮಣ್ಣು ಕೆಡುತ್ತದೆ. ಮೆಟಾಲ್ಡಿಹೈಡ್ ಇರುವ ಗುಳಿಗೆಗಳು ನಾಯಿಗಳಿಗೆ ಮಾರಕ. ಸಾಕುಪ್ರಾಣಿ ಅಥವಾ ಮಕ್ಕಳು ಓಡಾಡುವ ಕಡೆ ತರಲೇಬೇಡಿ.

ಕೋಸು, ಮೂಲಂಗಿ, ಬದನೆಯ ಎಲೆ ಗುಂಡುಸೂಜಿಯಿಂದ ಚುಚ್ಚಿದಂತೆ ಕಂಡು, ಕೈ ತಂದಾಗ ಕಪ್ಪು ಚುಕ್ಕೆಗಳು ಚಿಗಟದಂತೆ ಹಾರಿದರೆ ಅದು ಚಿಗಟ ಜೀರುಂಡೆ. ನಾಟಿ ಮಾಡಿದ ದಿನವೇ ತೆಳು ಬಲೆ ಹೊದಿಸಿ ಅಂಚಿಗೆ ಮಣ್ಣು ಒತ್ತಿ. ಐದಾರು ಎಲೆ ಬಂದ ಗಿಡ ತೂತುಗಳನ್ನು ತಾಳಿಕೊಳ್ಳುತ್ತದೆ.

ಎಲೆ ಮುರುಟಿದೆ

ಎಲೆ ತಿರುಗಿಸಿ ನೋಡಿ. ಕುಡಿಯಲ್ಲಿ ಹಸಿರು ಅಥವಾ ಕಪ್ಪು ಗಿಡಹೇನು, ಕೈಗೆ ಅಂಟು, ಕಾಂಡದ ಮೇಲೆ ಇರುವೆಯ ಸಾಲು ಇದ್ದರೆ ಮೊದಲು ನೀರನ್ನು ರಭಸವಾಗಿ ಹಾಯಿಸಿ. ಎರಡು ದಿನಕ್ಕೊಮ್ಮೆ ಮೂರು ಸಲ ಮಾಡಿದರೆ ಬಹಳಷ್ಟು ಹೋಗುತ್ತವೆ. ಸಾಲದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಮೃದು ದ್ರವ ಸೋಪು, ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ. ಒಂದು ಎಲೆಗೆ ಹಾಕಿ ಒಂದು ದಿನ ನೋಡಿ, ಆಮೇಲೆ ಸಂಜೆ ಸಿಂಪಡಿಸಿ. ಗಿಡಹೇನುಗಳ ನಡುವೆ ಪುಟ್ಟ ಮೊಸಳೆಯಂಥ ಕಪ್ಪು ಹುಳು ಓಡಾಡುತ್ತಿದ್ದರೆ ಸಿಂಪಡಣೆ ನಿಲ್ಲಿಸಿ: ಅದು ಗುಲಗಂಜಿ ಹುಳದ ಮರಿ, ಗಿಡಹೇನುಗಳನ್ನು ತಿಂದೇ ಬೆಳೆಯುತ್ತದೆ.

ಮೆಣಸಿನ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮಗುಚಿದ ದೋಣಿಯಂತಾದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ಹಳದಿಗಟ್ಟಿ, ಗಿಡವೇ ಗುಜ್ಜಾಗಿ, ಬಿಳಿನೊಣ ಹಾರುತ್ತಿದ್ದರೆ ನಂಜುರೋಗದ ಶಂಕೆ. ಗುಣಪಡಿಸುವ ಔಷಧಿಯಿಲ್ಲ, ಕಿತ್ತು ಉಳಿದವನ್ನು ಕಾಪಾಡಿ. ಟೊಮೇಟೊದ ಕೆಳಗಿನ ಎಲೆ ಮಾತ್ರ ಬಿಸಿಲಿಗೆ ಮೇಲಕ್ಕೆ ಸುತ್ತಿ ದಪ್ಪಗಾಗಿದ್ದು, ಹೊಸ ಚಿಗುರು ಸರಿಯಾಗಿದ್ದರೆ ಬಿಟ್ಟುಬಿಡಿ.

ಇನ್ನೊಂದು ಕಾರಣವನ್ನು ಬಹಳ ಜನ ಊಹಿಸುವುದೇ ಇಲ್ಲ. ಟೊಮೇಟೊ, ಬೀನ್ಸ್‌ಗಳ ಹೊಸ ಚಿಗುರು ಜರೀಗಿಡದಂತೆ ಸಣ್ಣಗಾಗಿ ತಿರುಚಿಕೊಂಡು, ಕೀಟದ ಸುಳಿವೇ ಇಲ್ಲದಿದ್ದು, ಅದೇ ಗೊಬ್ಬರ ಹಾಕಿದ ಎಲ್ಲ ಗಿಡಗಳೂ ಹಾಗೆಯೇ ಇದ್ದರೆ ಗೊಬ್ಬರದಲ್ಲಿ ಕಳೆನಾಶಕ ಉಳಿದಿರಬಹುದು. ಅಮಿನೊಪೈರಾಲಿಡ್, ಕ್ಲೊಪೈರಾಲಿಡ್ ಎಂಬ ರಾಸಾಯನಿಕಗಳು ಹುಲ್ಲಿನ ಮೇಲೆ ಬಿದ್ದರೆ ಅದನ್ನು ಮೇಯ್ದ ಜಾನುವಾರುಗಳ ಹೊಟ್ಟೆ ದಾಟಿ ಸಗಣಿಯಲ್ಲೂ ಕಾಂಪೋಸ್ಟ್‌ನಲ್ಲೂ ಉಳಿಯುತ್ತವೆ. ಪರೀಕ್ಷೆ ಸುಲಭ: ಮೂರು ಕುಂಡಕ್ಕೆ ಶಂಕಿತ ಗೊಬ್ಬರ ಬೆರೆಸಿದ ಮಣ್ಣು, ಮೂರಕ್ಕೆ ಗೊಬ್ಬರವಿಲ್ಲದ ಮಣ್ಣು, ಎಲ್ಲದರಲ್ಲೂ ಬೀನ್ಸ್ ಬಿತ್ತಿ ಮೂರು ನಾಲ್ಕು ವಾರ ನೋಡಿ. ಮೊದಲ ಗುಂಪು ಮಾತ್ರ ತಿರುಚಿದರೆ ಆ ಗೊಬ್ಬರವನ್ನು ಬಳಸಬೇಡಿ, ಯಾರಿಗೂ ಕೊಡಬೇಡಿ. ಹೊಸ ಗೊಬ್ಬರ ತಂದಾಗಲೆಲ್ಲ ನಾಟಿಗೆ ಒಂದು ತಿಂಗಳ ಮುಂಚೆ ಇದನ್ನು ಮಾಡುವುದು ನನ್ನ ರೂಢಿ.

ಹೂ ಉದುರುತ್ತಿದೆ

ಟೊಮೇಟೊ ಹೂ ಹಗಲು 35 ಡಿಗ್ರಿ ದಾಟಿದರೂ, ರಾತ್ರಿ 13ಕ್ಕಿಂತ ಇಳಿದರೂ ಉದುರುತ್ತದೆ. ಹವೆ ಬದಲಾದರೆ ನಿಲ್ಲುತ್ತದೆ. ಎಲೆ ಕಡುಹಸಿರಾಗಿ ಸೊಕ್ಕಿ ಬೆಳೆದಿದ್ದರೆ ಸಾರಜನಕ ಕಡಿಮೆ ಮಾಡಿ. ಕುಂಬಳ, ಸೌತೆಗಳಲ್ಲಿ ಮೊದಲು ಬರುವವು ಗಂಡು ಹೂಗಳು, ಅವು ಉದುರಲೇಬೇಕು. ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಹಳದಿಯಾಗಿ ಬಿದ್ದರೆ ಪರಾಗ ಸಿಕ್ಕಿಲ್ಲ. ಬೆಳಿಗ್ಗೆ ಬೇಗ ಗಂಡು ಹೂವಿನ ದಳ ತೆಗೆದು ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಲೋಟದಲ್ಲಿ ಹಾಲಿನ ಎಳೆ ಇಳಿದರೆ, ಒಂದೇ ಜಾತಿಯ ಗಿಡಗಳು ಮೂರು ನಾಲ್ಕು ದಿನಗಳಲ್ಲಿ ಸಾಲಾಗಿ ಸತ್ತರೆ, ಅಥವಾ ಒಂದೊಂದೇ ಬದಲಾವಣೆ ಮಾಡಿ ಎರಡು ವಾರವಾದರೂ ಹೊಸ ಚಿಗುರು ಕೆಟ್ಟೇ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಕೃಷಿ ಅಥವಾ ತೋಟಗಾರಿಕೆ ಸಲಹಾ ಕೇಂದ್ರಕ್ಕೆ, ಸಸ್ಯರೋಗ ತಜ್ಞರಿಗೆ ತೋರಿಸಿ. ಹೆಸರು ಗೊತ್ತಿಲ್ಲದ ರೋಗಕ್ಕೆ ಸಿಕ್ಕ ಕೀಟನಾಶಕ ಹೊಡೆಯಬೇಡಿ. ಬಳಸಲೇಬೇಕಾದರೆ ಚೀಟಿಯಲ್ಲಿ ಆ ಬೆಳೆಯ ಹೆಸರಿದೆಯೇ, ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂದು ಓದಿ. ಉದ್ದ ತೋಳು, ಕೈಗವಸು, ಮುಖಕವಚ ಧರಿಸಿ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಬೇಡಿ. ಸಿಂಪಡಿಸಿದ ಮೇಲೆ ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಂಡರೆ ಆ ಡಬ್ಬಿಯನ್ನೂ ಜೊತೆಗೆ ಒಯ್ದು ತಕ್ಷಣ ಆಸ್ಪತ್ರೆಗೆ ಹೋಗಿ.

ಮಣ್ಣಿನ ಮಿಶ್ರಣದ ಚೀಲವನ್ನು ಮುಖದ ಹತ್ತಿರ ಹಿಡಿದು ಹರಿಯಬೇಡಿ, ತೆರೆದ ಕೂಡಲೇ ನೀರು ಚಿಮುಕಿಸಿ. ಅದರ ಧೂಳಿನಲ್ಲಿ ನ್ಯುಮೋನಿಯಾ ತರುವ ಲಿಜನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಬೆಕ್ಕು ಓಡಾಡುವ ಮಣ್ಣಿನಲ್ಲಿ ಗರ್ಭಿಣಿಯರು ಬರಿಗೈಯಲ್ಲಿ ಕೆಲಸ ಮಾಡಬಾರದು. ಮಣ್ಣಿನಲ್ಲಿ ಕೈಗೆ ಆಳವಾಗಿ ಚುಚ್ಚಿದರೆ ಗಾಯ ತೊಳೆದು, ಧನುರ್ವಾಯು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ತಜ್ಞರ ಬಳಿ ಹೋಗುವಾಗ ಒಂದೆರಡು ಎಲೆ ಕಿತ್ತುಕೊಂಡು ಹೋದರೆ ಅವರಿಂದಲೂ ಹೇಳಲಾಗದು. ಸಾಯುತ್ತಿರುವ, ಇನ್ನೂ ಪೂರ್ತಿ ಸಾಯದ ಒಂದು ಗಿಡವನ್ನು ಬೇರು ಮತ್ತು ಒಂದು ಹಿಡಿ ಮಣ್ಣಿನ ಸಮೇತ ಅಗೆಯಿರಿ. ಬೇರಿನ ಭಾಗವನ್ನಷ್ಟೇ ಚೀಲದಲ್ಲಿ ಕಟ್ಟಿ, ಎಲೆಗಳನ್ನು ಒಣ ಕಾಗದದಲ್ಲಿ ಸುತ್ತಿ. ಇಡೀ ಗಿಡವನ್ನು ಒದ್ದೆ ಪ್ಲಾಸ್ಟಿಕ್‌ನಲ್ಲಿ ತುರುಕಿದರೆ ದಾರಿಯಲ್ಲೇ ಕೊಳೆಯುತ್ತದೆ. ಹೋಲಿಸಿ ನೋಡಲು ಪಕ್ಕದ ಒಂದು ಆರೋಗ್ಯವಂತ ಗಿಡವೂ ಇರಲಿ. ಬಿತ್ತಿದ ದಿನ, ನಾಟಿಯ ದಿನ, ಹಾಕಿದ ಗೊಬ್ಬರ, ಕಳೆದ ಎರಡು ವಾರ ನೀರು ಕೊಟ್ಟ ರೀತಿ, ಲಕ್ಷಣ ಮೊದಲು ಕಂಡ ಎಲೆ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಇಡಿ.